ಬೆಂಕಿಗೆ ಬಗ್ಗದ ಹರಳು

(ಶಾಲೆಯ ಶತಮಾನೋತ್ಸವದ ನಿಮಿತ್ತ ಏರ್ಪಡಿಸಿದ ವಿಜ್ಞಾನ ಪ್ರದರ್ಶನದ ಉದ್ಘಾಟನೆಯ ದಿನ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ನೂರು ವರ್ಷದ ಸಂಭ್ರಮದಲ್ಲಿ ಮುಖ್ಯಾಧ್ಯಾಪಿಕೆಯಾದವರು ಸ್ಥಾಪಕರ ತ್ಯಾಗವನ್ನೂ ಕಟ್ಟಡದ ಇತಿಹಾಸವನ್ನೂ ಹೇಳಬೇಕೆಂಬುದು ರೂಢಿ. ಆ ಕಥನವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ನಿನ್ನೆಯೇ ಹೇಳಿದ್ದಾರೆ. ಇಂದು ನಾವು ಈ ಮೇಜಿನ ಮೇಲಿರುವ ನಾಲ್ಕು ವಸ್ತುಗಳ ಕುರಿತು ಮಾತ್ರ ಮಾತನಾಡುತ್ತೇವೆ. ಒಂದು, ನಮ್ಮ ಶಾಲೆಯ ಹಿಂದಿನ ಬಾವಿಯನ್ನು ಆಳಗೊಳಿಸುವಾಗ ದೊರೆತ ಕರಿಕಲ್ಲು. ಎರಡು, ಸುಣ್ಣದ ಹೆಂಟೆಯಂತೆ ಕಾಣುವ ಒಂದು ಬಿಳಿಯ ಕಲ್ಲು. ಮೂರು, ಬೊಗಸೆಯಷ್ಟು ಹಸಿರು ಛಾಯೆಯ ಉಸುಕು. ನಾಲ್ಕು, ಒಂದು ತುದಿಯನ್ನು ಯಾರೋ ಕಚ್ಚಿ ತಿಂದಂತಿರುವ ಕಪ್ಪು ಇಟ್ಟಂಗಿ. ನಾವು ಕನ್ನಡ ಎಂ.ಎ. ಮಾಡಿದವರು, ರನ್ನ, ಹರಿಹರರನ್ನು ಓದಿಕೊಂಡು ಬಂದವರು. ಕಲ್ಲುಗಳ ವಿಷಯದಲ್ಲಿ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಮೂರು ವಾರ ನಮಗೆ ಪಾಠ ಹೇಳಿದ್ದಾರೆ. ತಪ್ಪಿದಲ್ಲಿ ತಪ್ಪು ವಿದ್ಯಾರ್ಥಿನಿಯದೇ ಹೊರತು ಗುರುವಿನದಲ್ಲ.

ಕರಿಕಲ್ಲನ್ನು ಬಿಟ್ಟು ಉಳಿದ ಮೂರನ್ನೂ ಕಳುಹಿಸಿದವನು ನಮ್ಮ ಹಳೆಯ ವಿದ್ಯಾರ್ಥಿ. ಅವನ ಹೆಸರನ್ನು ಹೇಳಬಾರದೆಂದು ಅವನೇ ಬೇಡಿಕೊಂಡಿದ್ದಾನೆ. ಹತ್ತನೆಯ ಇಯತ್ತೆ ಮುಗಿಸಿ, ಐ.ಟಿ.ಐ. ಮಾಡಿ, ಒಂದು ಕಾರ್ಖಾನೆಯ ಸಂದರ್ಶನಕ್ಕೆ ಹೋದಾಗ ಅವನಿಗೆ ಕೇಳಿದ ಮೊದಲ ಪ್ರಶ್ನೆ, ‘ರಿಫ್ರ್ಯಾಕ್ಟರಿ ಎಂದರೇನು?’ ಅವನಿಗೆ ತಿಳಿಯಲಿಲ್ಲ. ಕೆಲಸ ಸಿಗಲಿಲ್ಲ. ಮರುದಿನ ನೇರವಾಗಿ ನಮ್ಮ ಗ್ರಂಥಾಲಯಕ್ಕೆ ಬಂದು ಇಂಗ್ಲಿಷ್ ನಿಘಂಟು ತೆರೆದು ನೋಡಿದ. ಅಲ್ಲಿ ಮೊದಲು ಕಂಡ ಅರ್ಥ: ಹಠಮಾರಿ, ಹೇಳಿದ ಮಾತು ಕೇಳದವನು. ‘ಅಕ್ಕಾರ, ನನಗ ಬೈದಾರೋ ಏನು ಪ್ರಶ್ನಾ ಕೇಳ್ಯಾರೋ ತಿಳೀಲಿಲ್ರಿ’ ಎಂದು ಅವನು ನಕ್ಕದ್ದು ನಮಗೆ ಇಂದಿಗೂ ನೆನಪಿದೆ. ನಾವೂ ನಕ್ಕೆವು. ಆಮೇಲೆ ಮನೆಗೆ ಹೋಗಿ ಕುಳಿತಾಗ ನಗು ಬರಲಿಲ್ಲ. ಅತಿ ಹೆಚ್ಚಿನ ಶಾಖವನ್ನು ತಾಳಿಕೊಳ್ಳುವ ವಸ್ತುವಿಗೆ ಕನ್ನಡದಲ್ಲಿ ಉಷ್ಣಸಹ ವಸ್ತು, ಅಗ್ನಿಸಹ ಇಟ್ಟಿಗೆ ಎಂಬ ಹೆಸರುಗಳಿವೆ. ಹೆಸರುಗಳಿದ್ದವು, ಆದರೆ ಆ ಹೆಸರನ್ನು ಹೊತ್ತ ವಸ್ತುವನ್ನು ನಾವು ಒಂದು ದಿನವೂ ಅವನ ಕೈಯಲ್ಲಿ ಇಟ್ಟಿರಲಿಲ್ಲ. ‘ಕನ್ನಡದಲ್ಲಿ ಕಲಿತು ಕಾರ್ಖಾನೆಗೆ ಹೋದರೆ ಏನು ಗತಿ?’ ಎಂದು ಪ್ರವೇಶದ ದಿನಗಳಲ್ಲಿ ಪಾಲಕರು ನಮ್ಮನ್ನು ಕೇಳುವಾಗ ನಮ್ಮ ಕಣ್ಣೆದುರು ಬರುವವನು ಇವನೇ.

ಅವನು ಹಠಮಾರಿಯೇ ಆದ. ಒಬ್ಬ ಗುತ್ತಿಗೆದಾರರ ತಂಡದಲ್ಲಿ ಸೇರಿ ಉಕ್ಕಿನ ಕಾರ್ಖಾನೆಗಳ ಕುಲುಮೆಗಳಿಗೂ, ಕರಗಿದ ಉಕ್ಕನ್ನು ಹೊತ್ತೊಯ್ಯುವ ದೊಡ್ಡ ಕೊಪ್ಪರಿಗೆಗಳಿಗೂ ಒಳಗಿನಿಂದ ಇಟ್ಟಂಗಿ ಕೂಡಿಸುವ ಕೆಲಸ ಕಲಿತ. ಇಂದು ಆ ತಂಡದ ಮುಖ್ಯಸ್ಥ. ಪ್ರದರ್ಶನಕ್ಕೆ ಏನಾದರೂ ಕಳುಹಿಸೆಂದು ನಾವು ಕೇಳಿದಾಗ ಈ ಗಂಟನ್ನು ಕಳುಹಿಸಿ ದೂರವಾಣಿಯಲ್ಲಿ ಹೇಳಿದ: ‘ಅಕ್ಕಾರ, ಈ ಉಸುಕಿನ್ಯಾಗಿನ ಹಳ್ಳು ನಮ್ಮ ಸಾಲಿ ಬಾವ್ಯಾಗಿನ ಕಲ್ಲಿನ್ಯಾಗೂ ಅದ ಅಂದ್ರ ನಂಬ್ತೀರೇನ್ರಿ?’ ನಾವು ನಂಬಲಿಲ್ಲ. ಇಂದಿನ ಭಾಷಣವೆಲ್ಲ ಆ ಅಪನಂಬಿಕೆಯಿಂದ ಹುಟ್ಟಿದ್ದು.

ಮೊದಲು ಶಾಖದ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಕುಂಬಾರನ ಆವಿಗೆ ಸುಮಾರು 800–900 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಕುಲುಮೆಯೊಳಗಿನ ದ್ರವರೂಪದ ಉಕ್ಕು 1600 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈ ಉಕ್ಕನ್ನು ಯಾವ ಪಾತ್ರೆಯಲ್ಲಿ ಇಡುವುದು? ಕಬ್ಬಿಣದ ಪಾತ್ರೆಯಲ್ಲಿ ಇಟ್ಟರೆ ಪಾತ್ರೆಯೇ ಪಾಯಸವಾಗುತ್ತದೆ. ಹೊರಗೆ ಉಕ್ಕಿನ ಕವಚ, ಒಳಗೆ ಉಷ್ಣಸಹ ಇಟ್ಟಂಗಿಯ ಗೋಡೆ ಎಂಬುದೇ ಉಪಾಯ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸುವ ಬಾಯ್ಲರುಗಳ ಒಳಗೂ ಇಂಥ ಗೋಡೆಯುಂಟು. ಸಭೆಯಲ್ಲಿರುವ ಕೆಲವು ಪಾಲಕರು ಅದನ್ನು ಕೈಯಾರೆ ಕಟ್ಟಿದ್ದಾರೆ. ಆದರೆ ಅದು ಬೆಂಕಿಮಣ್ಣಿನ ಇಟ್ಟಂಗಿ. ಉಕ್ಕಿನ ಮುಂದೆ ಅದರ ಆಟ ನಡೆಯದು.

ಈಗ ನಮ್ಮ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಚೆಲ್ಲಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿ ದಖ್ಖನದ ಈ ನೆಲವಾಯಿತು. ಸಿದ್ಧರಾಮೇಶ್ವರನ ಕೆರೆಯಿರುವುದೂ, ನಮ್ಮ ಜೋಳ ಬೆಳೆಯುವ ಎರೆಯ ಮಣ್ಣು ಹುಟ್ಟಿದ್ದೂ ಈ ಬಸಾಲ್ಟ್ ಶಿಲೆಯಿಂದಲೇ. ಒಡೆದ ಮುಖವನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದರೆ ಅಲ್ಲಲ್ಲಿ ಗಾಜಿನ ಚೂರಿನಂಥ ಹಸಿರು–ಹಳದಿ ಹರಳು ಕಾಣಬಹುದು. ಬಹುಪಾಲು ಕಡೆ ಅದು ಹವೆಗೆ ಮಾಗಿ ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಹೆಸರು ಆಲಿವೀನ್. ಮ್ಯಾಗ್ನೀಷಿಯಮ್, ಕಬ್ಬಿಣ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಖನಿಜ. ವಿದ್ಯಾರ್ಥಿ ಹೇಳಿದ್ದು ನಿಜವಾಗಿತ್ತು. ಬೊಗಸೆಯ ಉಸುಕಿನ ತುಂಬ ಇರುವುದೂ ಅದೇ ಆಲಿವೀನ್.

ಹಾಗಾದರೆ ನಮ್ಮ ಬಾವಿಯ ಕಲ್ಲನ್ನೇ ಕಡಿದು ಕುಲುಮೆ ಕಟ್ಟಬಾರದೇಕೆ? ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಕೇಳಿದ ಈ ಪ್ರಶ್ನೆ ನಮ್ಮ ವಿಜ್ಞಾನ ಶಿಕ್ಷಕರನ್ನು ಅರ್ಧ ಗಂಟೆ ನಿಲ್ಲಿಸಿತು. ಉತ್ತರ ಹೀಗಿದೆ. ಆಲಿವೀನ್ ಒಂದೇ ಹರಳಲ್ಲ. ಎರಡು ತುದಿಗಳ ನಡುವಿನ ಕುಟುಂಬ. ಒಂದು ತುದಿಯಲ್ಲಿ ಕೇವಲ ಮ್ಯಾಗ್ನೀಷಿಯಮ್ ಇರುವ ಫಾರ್ಸ್ಟರೈಟ್. ಅದು ಕರಗಲು ಸುಮಾರು 1890 ಡಿಗ್ರಿ ಬೇಕು. ಇನ್ನೊಂದು ತುದಿಯಲ್ಲಿ ಕೇವಲ ಕಬ್ಬಿಣವಿರುವ ಫಯಲೈಟ್. ಅದು 1200ರ ಸುತ್ತಮುತ್ತಲೇ ನೀರಾಗುತ್ತದೆ. ಕಬ್ಬಿಣ ಹೆಚ್ಚಿದಷ್ಟೂ ಹರಳು ಮೆದುವಾಗಿ ಶರಣಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಬಸಾಲ್ಟಿನಲ್ಲಿ ಆಲಿವೀನ್ ಒಂಟಿಯಾಗಿಲ್ಲ. ಸುಣ್ಣ, ಸೋಡಾ, ಅಲ್ಯುಮಿನ, ಕಬ್ಬಿಣಗಳ ಬೇರೆ ಹರಳುಗಳು ಸುತ್ತಲೂ ಇವೆ. ಕುಲ್ಫಿ ಮಾರುವವನು ಮಂಜುಗಡ್ಡೆಗೆ ಉಪ್ಪು ಸುರಿಯುವುದನ್ನು ಮಕ್ಕಳು ನೋಡಿದ್ದೀರಿ. ಉಪ್ಪು ಸೇರಿದ ಮಂಜು ಸೊನ್ನೆಗಿಂತ ಕೆಳಗಿನ ಶಾಖದಲ್ಲೇ ಕರಗಲಾರಂಭಿಸುತ್ತದೆ. ಕಲ್ಲಿನಲ್ಲೂ ಹಾಗೆಯೇ, ಬೆರಕೆ ಹೆಚ್ಚಿದಷ್ಟೂ ಕರಗುವ ಬಿಂದು ಕೆಳಗಿಳಿಯುತ್ತದೆ. ನಮ್ಮ ಕರಿಕಲ್ಲು 1200 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಲಾವಾರಸವೇ ಆಗಿಬಿಡುತ್ತದೆ. ಉಕ್ಕಿನ ಎದುರು ಅದು ಬೆಲ್ಲದ ಗೋಡೆ.

ಆದ್ದರಿಂದ ಆಲಿವೀನ್ ಬಹುಪಾಲು ತಾನೊಂದೇ ಇರುವ ಶಿಲೆ ಬೇಕು. ನೂರಕ್ಕೆ ತೊಂಬತ್ತು ಅಥವಾ ಹೆಚ್ಚು ಪಾಲು ಆಲಿವೀನ್ ಇರುವ ಶಿಲೆಗೆ ಡ್ಯೂನೈಟ್ ಎಂದು ಹೆಸರು. ನ್ಯೂಜಿಲೆಂಡಿನ ಡನ್ ಎಂಬ ಬೆಟ್ಟದಿಂದ ಬಂದ ಹೆಸರದು. ಅದು ಕರ್ನಾಟಕದಲ್ಲಿಯೂ ಇದೆ: ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ, ಮೈಸೂರು ಜಿಲ್ಲೆಯಲ್ಲಿ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆಸಿಕೊಂಡಿತು. ಆ ಇಲಾಖೆಯವರು ಊರೂರು ತಿರುಗಿ ಇಂಥ ಶಿಲೆಗಳನ್ನು ನಕಾಶೆಗೆ ಏರಿಸಿದರು.

ಮೈಸೂರು ಸೀಮೆಯ ಈ ಶಿಲೆಯ ಮೈಯಲ್ಲೇ ಬಿಳಿಯ ನರಗಳು ಬಲೆಯಂತೆ ಹರಡಿವೆ. ಮೇಜಿನ ಮೇಲಿನ ಎರಡನೆಯ ವಸ್ತು ಆ ನರದ ತುಣುಕಿನ ಜಾತಿಯದು, ಮ್ಯಾಗ್ನೆಸೈಟ್. ಇಂಗಾಲಾಮ್ಲ ಬೆರೆತ ನೀರು ಯುಗಯುಗಗಳ ಕಾಲ ಆಲಿವೀನ್ ಶಿಲೆಯ ಬಿರುಕಿನಲ್ಲಿ ಹರಿದು ಅದರ ಮ್ಯಾಗ್ನೀಷಿಯಮ್ಮನ್ನು ಕರಗಿಸಿ ತಂದು ಬಿಳಿಯಾಗಿ ಇಳಿಸಿದೆ. ಹಸಿರು ತಾಯಿ, ಬಿಳಿ ಮಗಳು ಎನ್ನಬಹುದು. ಕಡಕೊಳದ ಸುತ್ತಲ ದೊಡ್ಡಕನ್ಯ, ದೊಡ್ಡಕಾಟೂರುಗಳಲ್ಲಿ ಇದರ ಗಣಿಗಳು ನಡೆದವು. ತಮಿಳುನಾಡಿನ ಸೇಲಂ ಬಳಿಯ ಗುಡ್ಡಗಳಂತೂ ಎಷ್ಟು ಬಿಳಿಯೆಂದರೆ, ಆಂಗ್ಲರು ಅವುಗಳನ್ನು ಸೀಮೆಸುಣ್ಣದ ಬೆಟ್ಟವೆಂದೇ ಕರೆದರು. ಸೀಮೆಸುಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಮ್ಯಾಗ್ನೆಸೈಟನ್ನು ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ಅನಿಲ ಹಾರಿಹೋಗಿ ಮ್ಯಾಗ್ನೀಷಿಯ ಉಳಿಯುತ್ತದೆ. 100 ಕಿಲೊ ಶುದ್ಧ ಕಲ್ಲಿಗೆ ಉಳಿಯುವುದು 48 ಕಿಲೊ. ಹದವಾಗಿ ಮಾತ್ರ ಸುಟ್ಟರೆ ಅದು ಸುಣ್ಣದ ಸ್ವಭಾವದ್ದೇ. ನೀರು ಕಂಡರೆ ಕುಡಿದು ಉಬ್ಬಿ ಬಿರಿಯುತ್ತದೆ. ಆದ್ದರಿಂದ 1600 ಡಿಗ್ರಿಗೂ ಮೇಲೆ, ಹರಳುಗಳು ಬೆಳೆದು ಒಂದಕ್ಕೊಂದು ಬೆಸೆದು, ನೀರಿನತ್ತ ಹೊರಳಿ ನೋಡದಷ್ಟು ಸುಡಬೇಕು. ಕಾರ್ಖಾನೆಯವರು ಇದನ್ನು ಸತ್ತಂತೆ ಸುಟ್ಟದ್ದು ಎನ್ನುತ್ತಾರೆ. ಹೀಗೆ ಸುಟ್ಟ ಮ್ಯಾಗ್ನೀಷಿಯದ ಕರಗುವ ಬಿಂದು ಸುಮಾರು 2800 ಡಿಗ್ರಿ.

ಇಷ್ಟು ಉತ್ತಮ ವಸ್ತು ಕೈಯಲ್ಲಿರುವಾಗ ಹಸಿರು ಹರಳಿನ ಗೊಡವೆ ಏಕೆ? ಬೆಲೆಯೇ ಕಾರಣ. ಕಲ್ಲಿನ ಅರ್ಧಕ್ಕಿಂತ ಹೆಚ್ಚು ತೂಕ ಗಾಳಿಗೆ ಹೋಗುತ್ತದೆ, ಅಷ್ಟನ್ನೂ ಓಡಿಸಲು ಇಂಧನ ಬೇಕು. ಆಲಿವೀನ್ ಆದರೋ ಪ್ರಕೃತಿಯೇ ಸುಟ್ಟು ಕೊಟ್ಟ ಹರಳು. ಆದರೆ ಅದರಲ್ಲಿ ಎರಡು ದೋಷಗಳುಂಟು. ಒಂದು, ಒಂದಿಷ್ಟು ಕಬ್ಬಿಣ ಇದ್ದೇ ಇರುತ್ತದೆ. ಇನ್ನೊಂದು, ನೆಲದೊಳಗಿನ ನೀರಿನಿಂದ ಡ್ಯೂನೈಟಿನ ಕೆಲಭಾಗ ಹಾವಿನ ಪೊರೆಯಂಥ ಬಣ್ಣದ ಸರ್ಪೆಂಟೈನ್ ಆಗಿ ಮಾರ್ಪಟ್ಟಿರುತ್ತದೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 13 ಪಾಲು ನೀರೇ. ಕಾಯಿಸಿದಾಗ ಆ ನೀರು ಹೊರಬೀಳುತ್ತದೆ, ಇಟ್ಟಂಗಿ ಕುಗ್ಗುತ್ತದೆ, ಸಿಲಿಕ ಹೆಚ್ಚಾಗಿ ಎನ್‌ಸ್ಟಟೈಟ್ ಎಂಬ ದುರ್ಬಲ ಹರಳು ಹುಟ್ಟುತ್ತದೆ.

ಈ ತೊಡಕನ್ನು ಬಿಡಿಸಿದವರು ನಾರ್ವೆಯ ಓಸ್ಲೊ ನಗರದ ವಿಕ್ಟರ್ ಮೊರಿಟ್ಜ್ ಗೋಲ್ಡ್‌ಸ್ಮಿಟ್. ಮೊದಲ ಮಹಾಯುದ್ಧದಲ್ಲಿ ಹೊರದೇಶದ ಸರಕು ನಿಂತಾಗ, ನಮ್ಮ ನೆಲದ ಕಲ್ಲಿನಿಂದ ಏನೇನು ಮಾಡಬಹುದೆಂದು ಹುಡುಕುವ ಹೊಣೆಯನ್ನು ನಾರ್ವೆಯ ಸರಕಾರ ಅವರಿಗೆ ವಹಿಸಿತು. ನಾರ್ವೆಯಲ್ಲಿ ಆಲಿವೀನಿನ ಬೆಟ್ಟಗಳೇ ಇವೆ. 1920ರ ದಶಕದಲ್ಲಿ ಅವರು ತೋರಿಸಿದ ದಾರಿ ಕೇಳಿದರೆ ಬಹಳ ಸರಳ: ಅರೆದ ಆಲಿವೀನಿಗೆ ಸುಟ್ಟ ಮ್ಯಾಗ್ನೀಷಿಯವನ್ನು ಲೆಕ್ಕ ಹಾಕಿ ಬೆರೆಸಿ ಸುಡುವುದು. ಸೇರಿದ ಮ್ಯಾಗ್ನೀಷಿಯ ದುರ್ಬಲ ಎನ್‌ಸ್ಟಟೈಟನ್ನು ಹಿಡಿದು ಅದನ್ನೂ ಫಾರ್ಸ್ಟರೈಟ್ ಮಾಡುತ್ತದೆ. ಬೇಗ ಕರಗುವ ಕಬ್ಬಿಣವನ್ನು ತೆಗೆದುಹಾಕುವುದಿಲ್ಲ. ಗಾಳಿಯಲ್ಲಿ ಸುಡುವಾಗ ಆ ಕಬ್ಬಿಣ ಮ್ಯಾಗ್ನೀಷಿಯದೊಂದಿಗೆ ಕೂಡಿ ಬೇರೊಂದು ಗಟ್ಟಿ ಹರಳಾಗುತ್ತದೆ. ಶತ್ರುವನ್ನು ಊರಾಚೆ ಅಟ್ಟದೆ ಊರಿನೊಳಗೇ ಕೆಲಸಕ್ಕೆ ಹಚ್ಚಿದ ಜಾಣತನ. ಯೆಹೂದಿಯಾದ ಈ ವಿಜ್ಞಾನಿಯನ್ನು 1942ರಲ್ಲಿ ನಾಜಿ ಆಡಳಿತ ಬಂಧಿಸಿತು. ಅವರು ಸ್ವೀಡನ್ನಿಗೆ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಹೋದರು, 1947ರಲ್ಲಿ ತೀರಿಕೊಂಡರು. ನಮ್ಮ ಪ್ರದರ್ಶನದ ಗೋಡೆಯಲ್ಲಿ ಅವರ ಭಾವಚಿತ್ರವನ್ನು ಒಂಬತ್ತನೆಯ ಇಯತ್ತೆಯವರು ಬಿಡಿಸಿದ್ದಾರೆ. ಮೂಗು ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಇಟ್ಟಂಗಿ ಮಾಡುವ ಬಗೆಯನ್ನು ನಮ್ಮ ತಾಯಂದಿರಿಗೆ ಹೇಳುವುದು ಬಹಳ ಸುಲಭ. ಒಂದು ಸೇರಿನ ತುಂಬ ಜೋಳ ತುಂಬಿರಿ. ತುಂಬಿತೆಂದು ಕಂಡರೂ ಕಾಳುಗಳ ನಡುವೆ ಸಂದಿಗಳಿವೆ. ಅದರ ಮೇಲೆ ನುಚ್ಚು ಹಾಕಿ ಅಲುಗಾಡಿಸಿರಿ, ಇಳಿಯುತ್ತದೆ. ಬಳಿಕ ಹಿಟ್ಟು ಉದುರಿಸಿರಿ, ಅದೂ ಇಳಿಯುತ್ತದೆ. ಖನಿಜವನ್ನೂ ಹೀಗೆಯೇ ಜೋಳದಷ್ಟು, ನುಚ್ಚಿನಷ್ಟು, ಹಿಟ್ಟಿನಷ್ಟು ಎಂದು ಒಡೆದು, ಜರಡಿ ಹಿಡಿದು, ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಎಲ್ಲವೂ ಹಿಟ್ಟಾದರೆ ಸುಡುವಾಗ ಕುಗ್ಗಿ ಸೀಳುತ್ತದೆ. ಎಲ್ಲವೂ ಕಾಳಾದರೆ ಸಂದಿಯಲ್ಲಿ ಕರಗಿದ ಕಿಟ್ಟ ನುಗ್ಗುತ್ತದೆ. ಹಸಿಯಾಗಿರುವಾಗ ಹಿಡಿದುಕೊಳ್ಳಲು ಅಂಟು ಬೇಕು. ಅದಕ್ಕಾಗಿ ಬಳಸುವ ವಸ್ತುಗಳಲ್ಲಿ ನಮ್ಮ ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಒಂದು. ಭಾರಿ ಒತ್ತುಯಂತ್ರದಲ್ಲಿ ಒತ್ತಿ, ನಿಧಾನವಾಗಿ ಒಣಗಿಸಿ, ಉದ್ದನೆಯ ಸುರಂಗದಂಥ ಗೂಡಿನಲ್ಲಿ ಗಾಡಿಯ ಮೇಲೆ ಸಾಗಿಸುತ್ತ 1500 ಡಿಗ್ರಿಗೂ ಮೇಲೆ ಸುಡುತ್ತಾರೆ. ಕಾಕಂಬಿ ಉರಿದುಹೋಗುತ್ತದೆ, ಹರಳಿಗೆ ಹರಳು ಬೆಸೆದುಕೊಳ್ಳುತ್ತದೆ.

ಶಾಖವನ್ನು ತಾಳಿದರೆ ಮಾತ್ರ ಸಾಲದು, ಕಿಟ್ಟವನ್ನೂ ತಾಳಬೇಕು. ಇಲ್ಲಿ ನಮ್ಮ ಮಕ್ಕಳು ಲಿಟ್ಮಸ್ ಕಾಗದ ಅದ್ದಿ ಕಲಿತ ಪಾಠವೇ ಉಪಯೋಗಕ್ಕೆ ಬರುತ್ತದೆ. ಸಿಲಿಕ ಆಮ್ಲ ಸ್ವಭಾವದ್ದು. ಸುಣ್ಣ ಮತ್ತು ಮ್ಯಾಗ್ನೀಷಿಯ ಪ್ರತ್ಯಾಮ್ಲ ಸ್ವಭಾವದವು. ಹತ್ತೊಂಬತ್ತನೆಯ ಶತಮಾನದ ಹೊಸ ಕುಲುಮೆಗಳಿಗೆ ಸಿಲಿಕದ ಒಳಗೋಡೆಯಿತ್ತು. ಅದಿರಿನಲ್ಲಿರುವ ರಂಜಕವನ್ನು ಹೀರಿಕೊಳ್ಳಲು ಸುಣ್ಣ ಹಾಕಬೇಕು. ಸುಣ್ಣ ಹಾಕಿದರೆ ಅದು ಗೋಡೆಯನ್ನೇ ತಿನ್ನುತ್ತದೆ. ರಂಜಕ ಉಳಿದರೆ ಉಕ್ಕು ಗಾಜಿನಂತೆ ಒಡೆಯುತ್ತದೆ. ಲಂಡನ್ನಿನ ಪೊಲೀಸ್ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದು, ಸಂಜೆಯ ತರಗತಿಗಳಲ್ಲಿ ರಸಾಯನಶಾಸ್ತ್ರ ಕಲಿತ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ಸೋದರ ಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟನೊಡಗೂಡಿ 1870ರ ದಶಕದ ಕೊನೆಯಲ್ಲಿ ಗೋಡೆಯನ್ನೇ ಪ್ರತ್ಯಾಮ್ಲದ್ದಾಗಿ ಮಾಡಿದ. ಸುಣ್ಣ–ಮ್ಯಾಗ್ನೀಷಿಯಗಳೆರಡೂ ಇರುವ ಡಾಲೊಮೈಟ್ ಕಲ್ಲನ್ನು ಸುಟ್ಟು ಒಳಗೋಡೆ ಕಟ್ಟಿದ. ರಂಜಕ ತುಂಬಿದ ಕಿಟ್ಟವನ್ನು ಪುಡಿಮಾಡಿ ಹೊಲಕ್ಕೆ ಗೊಬ್ಬರವಾಗಿ ಹಾಕಿದರು. ಥಾಮಸ್ 1885ರಲ್ಲಿ ಕೇವಲ 34ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಗಲು ದುಡಿದು ಸಂಜೆ ಓದುವ ನಮ್ಮ ಹುಡುಗರಿಗೆ ನಾವು ಈತನ ಹೆಸರನ್ನು ಹೇಳುತ್ತಿರುತ್ತೇವೆ.

ಈ ಕಪ್ಪು ಇಟ್ಟಂಗಿ ಏಕೆ ಕಪ್ಪು? ಮ್ಯಾಗ್ನೀಷಿಯಕ್ಕೆ ಒಂದು ದೌರ್ಬಲ್ಯವಿದೆ. ಕಾದಾಗ ಬಹಳ ಹಿಗ್ಗುತ್ತದೆ, ಒಮ್ಮೆಲೆ ತಣಿದರೆ ಚಿಟಿಲ್ಲನೆ ಸಿಡಿಯುತ್ತದೆ. ಅದಕ್ಕೆ ಗ್ರಾಫೈಟ್, ಎಂದರೆ ಪೆನ್ಸಿಲ್ಲಿನ ಕಡ್ಡಿಯ ಇಂಗಾಲ, ಬೆರೆಸಿದರೆ ಶಾಖ ಬೇಗ ಹರಡಿ ಸೀಳು ತಪ್ಪುತ್ತದೆ. ಕರಗಿದ ಕಿಟ್ಟವೂ ಮೈಗೆ ಅಂಟುವುದಿಲ್ಲ. ಈ ಇಟ್ಟಂಗಿಗಳು 1970ರ ದಶಕದಿಂದೀಚೆಗೆ ಜಪಾನಿನ ಕಾರ್ಖಾನೆಗಳ ಮೂಲಕ ರೂಢಿಗೆ ಬಂದವು. ಆದರೆ ಇಂಗಾಲ ಬೆರೆಸುವ ಜ್ಞಾನ ನಮಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಹಿಂದೆ ಉಕ್ಕು ಮಾಡಿದ ಮಣ್ಣಿನ ಮೂಸೆಗಳ ಚೂರುಗಳು ದೊರೆತಿವೆ. ದಕ್ಷಿಣ ಭಾರತದ ಇಂಥ ಮೂಸೆಗಳ ಮಣ್ಣಿಗೆ ಭತ್ತದ ಹೊಟ್ಟನ್ನು ಕಲಸುತ್ತಿದ್ದರು. ಹೊಟ್ಟು ಕರಿಕಾಗಿ ಇಂಗಾಲವನ್ನೂ ಸಿಲಿಕದ ಎಲುಬುಗೂಡನ್ನೂ ಉಳಿಸಿ ಮೂಸೆಯನ್ನು ಬೆಂಕಿಗೆ ಗಟ್ಟಿಗೊಳಿಸುತ್ತಿತ್ತು. ಮೂಸೆ ಎಂಬ ಶಬ್ದವನ್ನು ನಾವು ಹಳಗನ್ನಡದ ತರಗತಿಯಲ್ಲಿ ಅಕ್ಕಸಾಲಿಗನ ಉಪಮೆ ಬಂದಾಗ ವಿವರಿಸುತ್ತಿದ್ದೆವು. ಅದೇ ಶಬ್ದ ವಿಜ್ಞಾನದ ತರಗತಿಗೆ ಹೋಗಲು ಹತ್ತು ಹೆಜ್ಜೆಯ ಓಣಿ ದಾಟಬೇಕಿತ್ತು. ಇಷ್ಟು ವರ್ಷ ದಾಟಿಸಲಿಲ್ಲ.

ಇನ್ನು ಬೊಗಸೆಯ ಉಸುಕು. ಇದು ಎರಕದ ಕಾರ್ಖಾನೆಯದು. ಬೆಳಗಾವಿ, ಕೊಲ್ಲಾಪುರಗಳ ಎರಕದ ಕೆಲಸಕ್ಕೆ ನಮ್ಮ ಹುಡುಗರು ಅನೇಕರು ಹೋಗುತ್ತಾರೆ. ಅಚ್ಚು ಮಾಡಲು ಸಾಮಾನ್ಯವಾಗಿ ಬಳಸುವುದು ಸಿಲಿಕದ ಉಸುಕು. ಅದರ ಸೂಕ್ಷ್ಮ ಧೂಳು ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಸಿಲಿಕೋಸಿಸ್ ಎಂಬ, ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತದೆ. ಆಲಿವೀನಿನಲ್ಲಿ ಸಿಲಿಕ ಮ್ಯಾಗ್ನೀಷಿಯದೊಡನೆ ಬಂಧಿತವಾಗಿರುವುದರಿಂದ ಆ ಅಪಾಯ ಬಹಳ ಕಡಿಮೆ. ಮ್ಯಾಂಗನೀಸ್ ಉಕ್ಕಿನ ಎರಕಕ್ಕಂತೂ ಇದೇ ಉತ್ತಮ. ಆದರೆ ಬೆಲೆ ಹೆಚ್ಚೆಂದು ಅನೇಕ ಕಡೆ ಬಳಸುವುದಿಲ್ಲ. ಆಲಿವೀನ್ ಎಂದೊಡನೆ ನಿಶ್ಚಿಂತರಾಗಬೇಕಿಲ್ಲ. ಸರ್ಪೆಂಟೈನ್ ಬೆರೆತ ಕಲ್ಲಿನಲ್ಲಿ ಕಲ್ನಾರಿನ ಎಳೆಗಳಿರುವ ಸಂಭವವುಂಟು, ಅದೂ ಶ್ವಾಸಕೋಶಕ್ಕೆ ವಿಷ. ಯಾವ ಉಸುಕಾದರೂ ಮುಖಕ್ಕೆ ಬರಿಯ ಕರವಸ್ತ್ರ ಕಟ್ಟಿದರೆ ಸಾಲದು, ಧೂಳು ತಡೆಯುವ ಸರಿಯಾದ ಮುಖಗವಸು ಬೇಕು. ಅದನ್ನು ಕೇಳಿ ಪಡೆಯಿರಿ. ಇಲ್ಲಿಂದ ಎರಕದ ಕೆಲಸಕ್ಕೆ ಹೋದ ಇಬ್ಬರು ಐವತ್ತು ತುಂಬುವ ಮೊದಲೇ ಮೆಟ್ಟಿಲು ಹತ್ತಲಾರದವರಾಗಿ ಊರಿಗೆ ಮರಳಿದ್ದನ್ನು ನಾವು ಕಂಡಿದ್ದೇವೆ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು ನಡೆಸಿದರು. ನಮ್ಮ ಶಾಲೆಯೂ ಅದೇ ಕಾಲದ ಕೂಸು. ಆ ಕಾರ್ಖಾನೆಗೆ ಸರಿಯಾಗಿ ನೂರು ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ ನಾವು ಪತ್ರಿಕೆಯನ್ನು ಮಡಿಸಿಟ್ಟು ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಿದೆವು. ಒಂದು ಕಾಲಕ್ಕೆ ಎರಡೆರಡು ತುಕಡಿಗಳಿದ್ದ ಇಯತ್ತೆಗಳಲ್ಲಿ ಈಗ ಒಂದೊಂದೇ ಇದೆ, ಅದೂ ತುಂಬಿಲ್ಲ. ಬಾಲಭಾರತಿಯವರು ಪುಣೆಯಿಂದ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸಿ ಕೊಡುತ್ತಿದ್ದಾರೆ. ಪುಸ್ತಕ ಬರುತ್ತದೆ, ಪುಸ್ತಕದೊಳಗಿನ ವಸ್ತುವನ್ನು ತರುವುದು ನಮ್ಮ ಕೆಲಸ.

ಆದ್ದರಿಂದ ಈ ವರ್ಷದಿಂದ ಪ್ರಯೋಗಶಾಲೆಯಲ್ಲಿ ಒಂದು ಕಪಾಟು ಇಟ್ಟಿದ್ದೇವೆ. ಅದರಲ್ಲಿಡುವ ಪ್ರತಿಯೊಂದು ವಸ್ತುವಿನ ಕೆಳಗೆ ಮೂರು ಹೆಸರು: ಕನ್ನಡದ್ದು, ಮರಾಠಿಯದು, ಇಂಗ್ಲಿಷಿನದು, ಮೂರನೆಯದನ್ನು ಕನ್ನಡ ಲಿಪಿಯಲ್ಲಿಯೂ ಬರೆದು. ಮೊದಲನೆಯ ಅರೆಯಲ್ಲಿ ಈ ನಾಲ್ಕು ವಸ್ತುಗಳು ಕುಳಿತುಕೊಳ್ಳುತ್ತವೆ. ಹಳೆಯ ವಿದ್ಯಾರ್ಥಿಗಳು ತಾವು ದುಡಿಯುವ ಕಡೆಯಿಂದ, ಮಾಲಕರ ಅನುಮತಿ ಪಡೆದು, ಒಂದೊಂದು ವಸ್ತುವನ್ನು ಕಳುಹಿಸಿಕೊಡಬೇಕು. ಅದು ಮಗ್ಗದ ಲಾಳಿಯಾಗಿರಲಿ, ಬಾಯ್ಲರಿನ ಕೊಳವೆಯ ತುಣುಕಾಗಿರಲಿ. ಕಪಾಟಿನ ಎರಡನೆಯ ಮತ್ತು ಮೂರನೆಯ ಅರೆಗಳು ಬರಿದಾಗಿವೆ.

ಇಟ್ಟಂಗಿ ಕಳುಹಿಸಿದವನು ಇಂದು ಬರುವವನಿದ್ದ. ಒಂದು ಕುಲುಮೆಯ ಗೋಡೆ ನಿನ್ನೆ ರಾತ್ರಿ ಸವೆದು ತುರ್ತಾಗಿ ಕಟ್ಟಬೇಕಾಯಿತಂತೆ, ಬರಲಾಗಲಿಲ್ಲ. ಮಕ್ಕಳು ಸಾಲಾಗಿ ಬಂದು ಇಟ್ಟಂಗಿಯನ್ನು ಎತ್ತಿ ನೋಡಬಹುದು. ಮನೆಯ ಇಟ್ಟಂಗಿಗಿಂತ ಬಹಳ ಭಾರ, ಎರಡೂ ಕೈ ಕೊಡಿರಿ. ಬಾವಿಯ ಕಲ್ಲನ್ನು ಒಡೆದು ಹಸಿರು ಹರಳನ್ನು ಹುಡುಕಬೇಕೆನ್ನುವವರು ವಿಜ್ಞಾನ ಶಿಕ್ಷಕರಿಂದ ಸುತ್ತಿಗೆಯನ್ನೂ ಕಣ್ಣಿಗೆ ಹಾಕುವ ಕನ್ನಡಕವನ್ನೂ ಪಡೆದುಕೊಳ್ಳಬೇಕು. ಪ್ರದರ್ಶನ ಸಂಜೆ ಆರರವರೆಗೆ ತೆರೆದಿರುತ್ತದೆ.